ಜಗಲಿಯ ಮೇಲೆ ಉಳಿದ ಕೋಲಾ ಕಾಯಿ

ಜುಸು ಲಾಹಾಯಿಯ ಮುತ್ತಜ್ಜ ಕ್ಪಾನಾ ಲಾಹಾಯ್. ಮೋವಾ ನದಿಯ ದಡದ ತೆಲೆಬು ಊರಿನಲ್ಲಿ ಎಲ್ಲರೂ ಮನೆಯ ಬಾಗಿಲನ್ನು ಚಾವಡಿಯ ಕಡೆಗೆ ಇಟ್ಟರೆ ಅವನೊಬ್ಬ ನದಿಯ ದಾರಿಯ ಕಡೆಗೆ ಇಟ್ಟ. ದೋಣಿ ಇಳಿದು ಬಂದವನು ಯಾರ ಮನೆ ಎಂದು ಕೇಳುತ್ತ ಅಲೆಯಬಾರದು, ಕಣ್ಣಿಗೆ ಮೊದಲು ಬಿದ್ದ ಬಾಗಿಲೇ ಅವನದಾಗಬೇಕು ಎಂಬುದು ಅವನ ಆಸೆ. ಕ್ಪಾನಾನ ಮಗ ಲನ್ಸಾನಾ. ಸಿಡುಬಿನ ವರ್ಷ ತಾಳೆ ಬೀಜದ ಮೂಟೆ ಹೊತ್ತು ಬಂದ ಕೂಲಿಗಳ ಮೈಮೇಲೆ ಗುಳ್ಳೆ ಎದ್ದಾಗ ಊರವರು ದೊಣ್ಣೆ ಹಿಡಿದು ನಿಂತರು. ಲನ್ಸಾನಾ ಜಗಳಕ್ಕೆ ಹೋಗಲಿಲ್ಲ. ಅವರನ್ನು ತನ್ನ ಗದ್ದೆಯ ಗುಡಿಸಲಿಗೆ ಕಳಿಸಿದ. ಉದ್ದನೆಯ ಬಿದಿರಿನ ತುದಿಗೆ ಅನ್ನದ ಕುಕ್ಕೆ ಕಟ್ಟಿ, ದೂರದಿಂದಲೇ ಚಾಚಿ, ಅವರು ಎದ್ದು ನಡೆಯುವವರೆಗೆ ಉಣಿಸಿದ. ಆ ಬಿದಿರು ಈಗಲೂ ಮನೆಯ ಸೂರಿನ ಕೆಳಗಿದೆ. ಅದೇ ಬಿದಿರೋ, ಅದು ಹುಳು ಹಿಡಿದ ಮೇಲೆ ಅದರ ಜಾಗಕ್ಕೆ ಬಂದದ್ದೋ, ಈಗ ಹೇಳುವವರಿಲ್ಲ. ಮಳೆಗಾಲದಲ್ಲಿ ಅದರ ಮೇಲೆ ಬಟ್ಟೆ ಹರವುತ್ತಾರೆ.

ಲನ್ಸಾನಾನ ಮಗ ಮೊಮೊ. ದಂಗೆಕೋರರು ಊರಿನ ಅರ್ಧ ಮನೆಗಳನ್ನು ಸುಟ್ಟಾಗ ಮನೆಮಂದಿಯನ್ನು ಕಟ್ಟಿಕೊಂಡು ನದಿ ದಾಟಿ ಗಿನಿ ದೇಶದ ದಡ ಸೇರಿದ. ಅಷ್ಟು ದಿನ ಬಂದವರಿಗೆ ಬಾಗಿಲು ತೆಗೆದ ಮನೆತನದವನು ಅಲ್ಲಿ ತಾನೇ ಬಂದವನಾದ. ಕಿಸ್ಸಿ ಜನದ ತಂಬಾ ಎಂಬವನು ಅವನನ್ನು ಒಳಗೆ ಕರೆದುಕೊಂಡು, ಇದ್ದ ಒಂದೇ ಮಂಚವನ್ನು ಅವನಿಗೆ ಬಿಟ್ಟು, ತಾನು ಯುದ್ಧ ಮುಗಿಯುವವರೆಗೂ ಚಾಪೆಯ ಮೇಲೆ ಮಲಗಿದ.

ಮೊಮೊನ ಮಗ ಜುಸು. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ಬಂದವರ ಅಪ್ಪ’ ಎನ್ನುತ್ತಿದ್ದರು. ಪರಸ್ಥಳದವನು ಬಂದರೆ ಮೊದಲು ಒಂದು ಮನೆಯ ಯಜಮಾನನ ಕೈಗೆ, ಅಡಿಕೆಯಂತೆ ಜಗಿಯುವ ಕೋಲಾ ಕಾಯಿ ಕೊಡಬೇಕು. ಯಜಮಾನ ತೆಗೆದುಕೊಂಡು ಒಡೆದು ಬಾಯಿಗೆ ಹಾಕಿಕೊಂಡನೋ, ಅಲ್ಲಿಗೆ ಅವನು ಆ ಬಂದವನ ಅಪ್ಪ. ಬಂದವನ ಊಟ ಅವನದು, ಜಗಳ ಅವನದು, ಸತ್ತರೆ ಹೂಳುವುದೂ ಅವನದು. ಕೋಲಾ ಹಿಂದಕ್ಕೆ ಕೊಟ್ಟರೆ ಬೇರೆ ಮನೆ ನೋಡಿಕೊಳ್ಳಬೇಕು. ಲಾಹಾಯ್ ಮನೆಯಿಂದ ಕೋಲಾ ಹಿಂದಕ್ಕೆ ಹೋದದ್ದನ್ನು ಊರು ಕಂಡಿರಲಿಲ್ಲ.

ತಂಬಾನ ಮಗ ಫಾಯಿಯಾ ಬಟ್ಟೆ, ಉಪ್ಪು ಮಾರುತ್ತ ವಾರಕ್ಕೊಮ್ಮೆ ನದಿ ದಾಟಿ ಬರುತ್ತಿದ್ದ. ಜುಸುವನ್ನು ಅಪ್ಪ ಎನ್ನುತ್ತಿದ್ದ. ಜುಸುವಿನ ಹೆಂಡತಿ ಕೆಮಾ ಮಾಡಿದ ಮರಗೆಣಸಿನ ಎಲೆಯ ಸಾರಿಗೆ ತಾಳೆ ಎಣ್ಣೆ ಕಡಿಮೆಯಾಯಿತೆಂದು ಅಣಕಿಸುವಷ್ಟು ಸಲುಗೆ ಇತ್ತು.

ಎಬೋಲಾ ಬಂದದ್ದೂ ಆಚೆ ದಡದಿಂದಲೇ. ಮೊದಲು ಹೆಣ ತೊಳೆದವರು ಹೋದರು, ಆಮೇಲೆ ಅವರನ್ನು ತೊಳೆದವರು. ಕೈಕುಲುಕುವುದು ನಿಂತಿತು. ಪ್ರತಿ ಬಾಗಿಲಲ್ಲೂ ನಲ್ಲಿ ಹಾಕಿದ ಬಕೆಟ್, ಅದರೊಳಗೆ ಮೂಗು ಉರಿಯುವ ಕ್ಲೋರಿನ್ ನೀರು. ಯಾರಿಗೇನು ಕೊಡುವುದಿದ್ದರೂ ನೆಲದ ಮೇಲೆ ಇಟ್ಟು ಹಿಂದೆ ಸರಿಯಬೇಕು. ಪರಊರಿನವರನ್ನು ಮನೆಯೊಳಗೆ ಇಟ್ಟುಕೊಂಡರೆ ದಂಡ ಎಂದು ಊರ ಯಜಮಾನ ಬೊಕಾರಿ ಡಂಗುರ ಹೊಡೆಸಿದ. ಜ್ವರ ಬಂದವರ ಮನೆಗೆ ಸುತ್ತ ಹಗ್ಗ ಕಟ್ಟುತ್ತಿದ್ದರು. ಮೂರು ವಾರ ಯಾರೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ.

ಇದೇ ಸಮಯಕ್ಕೆ ಕೆಮಾಳಿಗೆ ಅಮೆರಿಕದ ವೀಸಾ ಲಾಟರಿ ಹತ್ತಿತ್ತು. ಅವಳು ಊರ ಶಾಲೆಯ ಮೇಡಂ. ರೋಗ ಬರುವ ಮೊದಲು ತಮಾಷೆಗೆ ಅರ್ಜಿ ಹಾಕಿದ್ದಳು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಲ್ಲರ ವೀಸಾವೂ ಆಯಿತು. ಫಿಲಡೆಲ್ಫಿಯಾದಲ್ಲಿದ್ದ ಅವಳ ಅಣ್ಣ ಟಿಕೆಟ್ ಕಳಿಸಿದ. ವಿಮಾನಗಳು ಒಂದೊಂದಾಗಿ ನಿಲ್ಲುತ್ತಿದ್ದವು. ವಿಮಾನ ಹತ್ತಲು ಫ್ರೀಟೌನಿಗೆ ಒಯ್ಯುವ ಲಾರಿ ಆ ವಾರದ ಕೊನೆಗೆ ಬರುವುದಿತ್ತು. ಅಷ್ಟರೊಳಗೆ ಮನೆಗೆ ಹಗ್ಗ ಬಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಜುಸುವಿಗೆ ಹೋಗುವ ಮನಸ್ಸಿರಲಿಲ್ಲ. “ನಾವು ಹೊರಟೋದ್ರೆ ದೋಣಿ ಇಳಿದು ಬಂದೋರು ಯಾರ ಬಾಗಿಲು ತಟ್ತಾರೆ?” ಎಂದ.

“ಬಂದೋರಿಗೆ ಅಪ್ಪ ಆಗಿದ್ದು ಸಾಕು. ಹುಟ್ಟಿದೋರಿಗೂ ಒಂದಿಷ್ಟು ಆಗು,” ಎಂದಳು ಕೆಮಾ.

ಆ ಮಾತು ಅವನಿಗೆ ತಾಗಿತು. ಮಗಳು ಬೋಯಿಯ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯನ್ನು ಬಿಳಿ ಚೀಲದಲ್ಲಿ ಒಯ್ದು ಇನ್ನೂ ತಿಂಗಳಾಗಿರಲಿಲ್ಲ. ಒಪ್ಪಿಕೊಂಡ. ಒಪ್ಪಿದ ಮೇಲೆ ಅವನಿಗೆ ಒಂದು ವಿಚಿತ್ರವಾಯಿತು. ಅಲ್ಲಿಯವರೆಗೆ ಊರಿನ ಎಲ್ಲರಷ್ಟೇ ಹೆದರಿದ್ದವನು ಈಗ ಎಲ್ಲರಿಗಿಂತ ಹೆಚ್ಚು ಹೆದರತೊಡಗಿದ. ಮಗು ಸೀನಿದರೆ ಓಡಿಬಂದು ಹಣೆ ಮುಟ್ಟಿ ನೋಡುತ್ತಿದ್ದ. ಪಕ್ಕದ ಮನೆಯ ಮುದುಕಿ ಮಮುಸು ಅಂಗಳ ದಾಟಿದರೆ ಅವಳ ಹೆಜ್ಜೆ ಬಿದ್ದಲ್ಲಿ ಕ್ಲೋರಿನ್ ಚೆಲ್ಲುತ್ತಿದ್ದ. “ಏನಪ್ಪಾ, ನನ್ನ ಹೆಜ್ಜೇನೂ ಅಳಿಸಿಬಿಟ್ಟೆ, ಸತ್ತ ಮೇಲೆ ನಾನಿದ್ದೆ ಅಂತ ಯಾರು ನಂಬ್ತಾರೆ?” ಎಂದು ಅವಳು ನಗುತ್ತಿದ್ದಳು. ಅವನಿಗೆ ನಗು ಬರುತ್ತಿರಲಿಲ್ಲ.

ಲಾರಿಗೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಫಾಯಿಯಾ ಬಂದ. ದೋಣಿ ನಿಂತು ಎಷ್ಟೋ ದಿನವಾಗಿತ್ತು. ಯಾವ ಕಡವಿನಲ್ಲಿ ದಾಟಿದನೋ. ಜೊತೆಗೆ ಹೆಂಡತಿ ಸಿಯಾ, ಅವಳ ಬೆನ್ನಿಗೆ ಕಟ್ಟಿದ ಪುಟ್ಟ ಹುಡುಗಿ. ಮೂವರೂ ಮಳೆಯಲ್ಲಿ ತೊಯ್ದಿದ್ದರು. ಅಂಗಳದ ಅಂಚಿನಲ್ಲೇ ನಿಂತು ಕೂಗಿದ.

“ಅಪ್ಪಾ, ಒಳಗಿದ್ದೀಯಾ?”

ಜುಸು ಬಾಗಿಲಿಗೆ ಬಂದ.

“ನಮ್ಮೂರಲ್ಲಿ ಉಳಿದೋರೆಲ್ಲ ಕಾಡು ಸೇರಿದ್ರು ಅಪ್ಪಾ. ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ, ನಾವು ಯಾವ ಹೆಣಾನೂ ಮುಟ್ಟಿಲ್ಲ. ಸುಳ್ಳು ಯಾಕೆ ಹೇಳಲಿ, ಮಗೂಗೆ ಬೆಳಗ್ಗೆಯಿಂದ ಮೈ ಬಿಸಿ. ನೆನೆದಿದ್ದಕ್ಕೇ ಇರಬೇಕು. ಹಿತ್ತಲ ಕೋಣೆ ಕೊಟ್ಟರೂ ಸಾಕು, ದನದ ಕೊಟ್ಟಿಗೆ ಕೊಟ್ಟರೂ ಸಾಕು.” ಎಲೆಯಲ್ಲಿ ಸುತ್ತಿದ ಎರಡು ಕೋಲಾ ಕಾಯಿಗಳನ್ನು ಮುಂದೆ ಚಾಚಿದ. ಅಪ್ಪ ಎಂದು ಕರೆಯುವವನು ಹೊಸದಾಗಿ ಕೋಲಾ ಕೊಡಬೇಕಾಗಿರಲಿಲ್ಲ. ಕಾಲ ಬೇರೆಯಾಗಿದೆಯೆಂದು ಅವನಿಗೂ ಗೊತ್ತಿತ್ತು. ಮತ್ತೆ ಮೊದಲಿಂದ ಕೇಳುತ್ತಿದ್ದ.

“ಅಲ್ಲೇ ಇಡು,” ಎಂದ ಜುಸು.

ಆ ವರ್ಷ ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದದ್ದು ಅದನ್ನೇ. ಫಾಯಿಯಾ ಕೋಲಾವನ್ನು ಜಗಲಿಯ ಅಂಚಿಗೆ ಇಟ್ಟು ಹಿಂದೆ ಸರಿದ. “ಕೈ ತೊಳ್ಕೊಂಡೇ ತಗೋ ಅಪ್ಪಾ, ಅವಸರ ಇಲ್ಲ,” ಎಂದು ಹೆಂಡತಿ ಮಗುವಿನೊಡನೆ ನದಿಯ ದಾರಿಯ ಪಕ್ಕದ ಹಳೆಯ ಸಂತೆಯ ಚಪ್ಪರದಲ್ಲಿ ಹೋಗಿ ಕುಳಿತ. ಅಲ್ಲಿಂದ ಜಗಲಿ ಚೆನ್ನಾಗಿ ಕಾಣುತ್ತಿತ್ತು. ಜಗಲಿಯಿಂದ ಅವರೂ ಕಾಣುತ್ತಿದ್ದರು.

ಜುಸು ಕೈ ತೊಳೆದ. ಒಳಗೆ ಹೋಗಿ ಕುಳಿತ. ಎದ್ದು ಬಂದು ಮತ್ತೆ ತೊಳೆದ. ಕೋಲಾವನ್ನು ಎತ್ತಿಕೊಂಡರೆ ಮಗುವಿನ ಜ್ವರ ಮನೆಯೊಳಗೆ ಬರುತ್ತದೆ, ಹಗ್ಗ ಬೀಳುತ್ತದೆ, ಲಾರಿ ಹೋಗುತ್ತದೆ, ಬೋಯಿ ಇಲ್ಲೇ ಉಳಿಯುತ್ತಾಳೆ. ಹಿಂದಕ್ಕೆ ಕೊಡೋಣವೆಂದರೆ ತಂಬಾನ ಚಾಪೆ ಕಣ್ಣಿಗೆ ಕಟ್ಟುತ್ತಿತ್ತು. ತಲೆ ಎತ್ತಿದರೆ ಸೂರಿನ ಕೆಳಗೆ ಬಿದಿರು. ಗದ್ದೆಯ ಗುಡಿಸಲು ಖಾಲಿಯಾಗಿಯೇ ಇತ್ತು, ಹುಲ್ಲನ್ನೂ ಹೊಸದಾಗಿ ಹೊದಿಸಿತ್ತು. ಅಜ್ಜ ಮಾಡಿದ್ದನ್ನು ಮಾಡಲು ಹೊಸ ಬುದ್ಧಿಯೇನೂ ಬೇಕಿರಲಿಲ್ಲ. ಆದರೆ ಗುಡಿಸಲಿಗೆ ಕಳಿಸಿದ್ದನ್ನು ಯಾರಾದರೂ ಕಂಡು ಯಜಮಾನನಿಗೆ ಹೇಳಿದರೆ? ಆ ‘ರೆ’ಯನ್ನು ದಾಟಲು ಅವನಿಂದ ಆಗಲಿಲ್ಲ.

ಒಂದು ಕೋಳಿ ಜಗಲಿ ಹತ್ತಿ ಎಲೆಯನ್ನು ಕುಕ್ಕಿತು. ಜುಸು ಓಡಿಬಂದು ಅದನ್ನು ಅಟ್ಟಿದ. ಚಪ್ಪರದಲ್ಲಿ ಫಾಯಿಯಾ ನೆಟ್ಟಗಾದ. ಜುಸು ಕೋಲಾದ ಮೇಲೆ ಬಗ್ಗಿದವನು ಹಾಗೆಯೇ ಸೊಂಟ ನೆಟ್ಟಗೆ ಮಾಡಿ ಒಳಗೆ ಹೋದ.

“ಫಾಯಿಯಾ ಮಾವ ಯಾಕೆ ಒಳಗೆ ಬರ್ತಿಲ್ಲ?” ಎಂದಳು ಬೋಯಿ.

“ಪುಸ್ತಕ ಓದು,” ಎಂದಳು ಕೆಮಾ. ಅವಳು ಕಿಟಕಿಯಿಂದ ಕದಲಿರಲಿಲ್ಲ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಚಪ್ಪರದಿಂದ ಫಾಯಿಯಾನ ದನಿ ಬಂತು. “ಅಪ್ಪಾ, ಕ್ಲೋರಿನ್ ನೀರಲ್ಲಿ ಕೈಯೇ ಕರಗೋಯ್ತಾ?”

ಹಳೆಯ ಸಲುಗೆಯ ದನಿ. ಅದರೊಳಗೆ ಹೆದರಿಕೆಯೂ ಇತ್ತು. ಜುಸು ಕತ್ತಲಾಗುತ್ತಿದ್ದ ನಡುಮನೆಯಿಂದಲೇ ಕೂಗಿ ಹೇಳಿದ: “ಬಂದೆ, ಬಂದೆ.”

ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು, ಮುತ್ತಜ್ಜ ನದಿಯ ಕಡೆಗೆ ಇಟ್ಟ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಅಗುಳಿ ಹಾಕಿದ.

ಬೆಳಗ್ಗೆ ಬಾಗಿಲು ತೆಗೆದಾಗ ಕೋಲಾ ಇರಲಿಲ್ಲ. ಕೋಳಿಯೂ ತಿಂದಿರಲಿಲ್ಲ, ಇಲಿಯೂ ಎಳೆದಿರಲಿಲ್ಲ. ಸುತ್ತಿದ್ದ ಎಲೆಯನ್ನು ಅಚ್ಚುಕಟ್ಟಾಗಿ ಮಡಿಚಿ, ಹಾರದಂತೆ ಮೇಲೊಂದು ಕಲ್ಲು ಇಟ್ಟಿತ್ತು. ಚಪ್ಪರದ ನೆಲ ಗುಡಿಸಿತ್ತು. ಅಪ್ಪನ ಕೈಯಿಂದ ‘ಇಲ್ಲ’ ಎನ್ನಿಸುವ ಕಷ್ಟವನ್ನೂ ಅವನಿಗೆ ಕೊಡದೆ ಫಾಯಿಯಾ ತನ್ನ ಕೋಲಾವನ್ನು ತಾನೇ ತೆಗೆದುಕೊಂಡು ಹೋಗಿದ್ದ.

ಮರುದಿನ ಚಾವಡಿಯಲ್ಲಿ ಯಜಮಾನ ಬೊಕಾರಿ ಎದ್ದು ನಿಂತು, “ಕಾನೂನು ಅಂದ್ರೆ ಏನು ಅಂತ ಜುಸುನ್ನ ನೋಡಿ ಕಲೀರಿ. ಮಗನಂಗೆ ಇದ್ದೋನು ಬಂದ್ರೂ ಒಳಗೆ ಬಿಡಲಿಲ್ಲ,” ಎಂದ. ದೂರ ದೂರ ಕುಳಿತ ಜನ ಹೌದೆಂದು ತಲೆಯಾಡಿಸಿದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹೊಗಳಿಕೆಗೆ ಏನು ಹೇಳುವುದು? ಜುಸು ತನ್ನ ಹೆಬ್ಬೆರಳ ಉಗುರನ್ನು ನೋಡುತ್ತ ಕುಳಿತ.

ಮನೆಗೆ ಬರುವಾಗ ಮಮುಸು ಎದುರಾದಳು. ಸೂರಿನ ಕೆಳಗೆ ನೋಡಿ, “ನಿಮ್ಮಜ್ಜನ ಬಿದಿರು ಇನ್ಮೇಲೆ ಬಟ್ಟೆ ಒಣಗಿಸೋಕೇ ಸರಿ ಬಿಡಪ್ಪ,” ಎಂದಳು. ಅಂದು ಅವಳು ನಗಲಿಲ್ಲ.

ಲಾರಿ ಬರುವ ಹಿಂದಿನ ದಿನ, ಮನೆಮನೆಗೆ ಹೋಗಿ ಜ್ವರ ನೋಡುವ ಆಳು ಅಲುಸಿನಿ ಬೈಕಿನಲ್ಲಿ ಸುದ್ದಿ ತಂದ. ರಸ್ತೆ ತಡೆದು ಜ್ವರ ನೋಡುವ ಮುಂದಿನ ಗೇಟಿನಲ್ಲಿ ಕಿಸ್ಸಿಯವನೊಬ್ಬನನ್ನು ಆಚೆಗೂ ಬಿಡಲಿಲ್ಲ, ಈಚೆಗೂ ಬಿಡಲಿಲ್ಲ. ರಸ್ತೆ ಬದಿಯಲ್ಲೇ ಮಗು ಹೋಯಿತು. ಬಾಯಿಯ ಜೊಲ್ಲು, ಬೆರಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

“ಆ ರೋಗ ಅಲ್ಲವಂತೆ,” ಎಂದ ಅಲುಸಿನಿ. “ಮಲೇರಿಯಾ. ಒಂದು ಪಟ್ಟಿ ಗುಳಿಗೆ ಸಿಕ್ಕಿದ್ರೆ ಎದ್ದು ಆಡ್ತಿತ್ತು. ಪುಣ್ಯಕ್ಕೆ ಅಪ್ಪ ಅಮ್ಮ ಇಬ್ರೂ ಗಟ್ಟಿ ಇದ್ದಾರೆ. ನದಿ ದಾಟಿ ವಾಪಸ್ ಹೋದ್ರು.”

ಕೆಮಾ ಒಳಗೆ ಹೋಗಿ ಶಾಲೆಯ ಮಕ್ಕಳಿಗೆಂದು ಇಟ್ಟಿದ್ದ ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಮಲೇರಿಯಾ ಗುಳಿಗೆಗಳು ಅರ್ಧದಷ್ಟು ತುಂಬಿದ್ದವು. ಅದನ್ನು ಗಂಡನ ಮುಂದೆ ಇಡಲೂ ಇಲ್ಲ, ಮುಚ್ಚಲೂ ಇಲ್ಲ. ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.

ಲಾರಿ ಬಂತು. ಗಂಟುಗಳು ಹತ್ತಿದವು, ಮಕ್ಕಳು ಹತ್ತಿದರು. ಜುಸು ಕೆಳಗೇ ನಿಂತ.

“ಹತ್ತು, ಬೋಯಿಯಪ್ಪಾ,” ಎಂದಳು ಕೆಮಾ ಲಾರಿಯ ಮೇಲಿಂದ.

“ನೀವು ಹೋಗಿ.”

“ನೀನು ಇಲ್ಲುಳಿದ್ರೆ ಆ ಮಗು ಎದ್ದು ಬರುತ್ತಾ?”

“ಇಲ್ಲ.”

“ಮತ್ತೆ? ತಪ್ಪು ನಿನ್ನೊಬ್ಬಂದೇ ಅಂದ್ಕೊಂಡಿದ್ದೀಯಾ? ಇಡೀ ಮಧ್ಯಾಹ್ನ ಕಿಟಕೀಲಿ ನಿಂತಿದ್ದೋಳು ನಾನು. ಡಬ್ಬಿ ಇದ್ದಿದ್ದು ನನ್ನ ಹತ್ರ.”

“ನಿಂಗೆ ಅವನು ಕೋಲಾ ಕೊಡಲಿಲ್ಲ ಕೆಮಾ.” ಅವನು ಲಾರಿಯ ಹಲಗೆ ಹಿಡಿದುಕೊಂಡ. “ನಿನ್ನ ಮಾತು ಸರಿಯಾಗೇ ಇತ್ತು. ಹುಟ್ಟಿದೋರನ್ನ ಉಳಿಸಬೇಕು, ಕರ್ಕೊಂಡು ಹೋಗು. ನಾನು ಅಲ್ಲಿಗೆ ಬಂದ್ರೆ ಯಾರೋ ಒಬ್ಬರ ಬಾಗಿಲಲ್ಲಿ ನಿಂತು ಒಳಗೆ ಬಿಡಿ ಅನ್ನಬೇಕು. ಯಾವ ಮುಖ ಇಟ್ಕೊಂಡು ಅನ್ನಲಿ?”

ಕೆಮಾ ಹಲಗೆಯ ಮೇಲಿನ ಅವನ ಕೈಯನ್ನು ಬಿಡಿಸಿದಳು. ಆಮೇಲೆ ಡ್ರೈವರಿಗೆ ಹೊರಡು ಎಂದಳು.

ಅವನ ವೀಸಾದ ಅವಧಿ ಮುಗಿಯಿತು. ಕೆಮಾಳ ಅಣ್ಣ ಫೋನಿನಲ್ಲಿ ಬೈದ, ಬೇಡಿಕೊಂಡ, ಕೊನೆಗೆ ಸುಮ್ಮನಾದ. ಬೋಯಿ ವಾರಕ್ಕೊಮ್ಮೆ ಮಾತಾಡುತ್ತಾಳೆ. ಅಲ್ಲಿ ಅನ್ನ ಸಪ್ಪೆ, ಚಳಿಗೆ ಮೂಗು ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎನ್ನುತ್ತಾಳೆ. ಮರುವರ್ಷ ರೋಗ ಇಳಿಯಿತು. ಗಡಿ ತೆರೆದು ದೋಣಿ ಓಡಾಡತೊಡಗಿತು. ಪರಊರಿನವರು ಮತ್ತೆ ಬಂದರು. ಜುಸು ಯಾರ ಕೋಲಾವನ್ನೂ ಮುಟ್ಟಲಿಲ್ಲ. ಮಮುಸುವಿನ ಮನೆ ತೋರಿಸಿ ಕಳಿಸಿದ.

ದೋಣಿ ಶುರುವಾದ ಮೊದಲ ವಾರವೇ ಅವನು ಎರಡು ಕೋಲಾ ಕಾಯಿಗಳನ್ನು ಎಲೆಯಲ್ಲಿ ಸುತ್ತಿಕೊಂಡು ಫಾಯಿಯಾನ ಊರಿಗೆ ಹೊರಟ. ಆ ಸೀಮೆಯಲ್ಲಿ ತಪ್ಪು ಮಾಡಿದವನು ತಾನಾಗಿ ಹೋಗಿ ಕ್ಷಮೆ ಬೇಡುವ ಪದ್ಧತಿಯಿಲ್ಲ. ಮಾತು ಬಲ್ಲ ಹಿರಿಯನೊಬ್ಬ ಮುಂದೆ ಹೋಗಿ, ಇವನ ಪರವಾಗಿ ನಾನು ಕಾಲು ಹಿಡಿಯುತ್ತೇನೆ ಎಂದು ಬೇಡುತ್ತಾನೆ. ತಪ್ಪಿತಸ್ಥ ಹಿಂದೆ ತಲೆ ತಗ್ಗಿಸಿ ನಿಂತರೆ ಸಾಕು, ಬಾಯಿ ತೆರೆಯಬೇಕಾಗಿಲ್ಲ. ಯಜಮಾನ ಬೊಕಾರಿ ಹೊಸ ಅಂಗಿ ತೊಟ್ಟು, ಕೋಲು ಹಿಡಿದು, ಕಡವಿನಲ್ಲಿ ಕಾದಿದ್ದ.

“ನಾನು ಬರ್ತೀನಿ ನಡಿ,” ಎಂದ. “ಬಂದೋರನ್ನ ಇಟ್ಕೋಬೇಡಿ ಅಂತ ಡಂಗುರ ಹೊಡೆಸಿದೋನು ನಾನು. ಅವರ ಮುಂದೆ ಎಲ್ಲಾ ನನ್ನ ಮೇಲೆ ಹಾಕ್ತೀನಿ. ಯಜಮಾನನ ಮಾತು ಮೀರೋಕೆ ಅವನಿಗೆ ಆಗಲಿಲ್ಲ ಅಂತೀನಿ. ನೀನು ಸುಮ್ನೆ ಹಿಂದೆ ನಿಂತ್ಕೋ.”

ಜುಸು ದೋಣಿಗೆ ಕಾಲಿಟ್ಟು, ಹತ್ತಲು ಬಂದ ಯಜಮಾನನಿಗೆ ಕೈ ಅಡ್ಡ ಹಿಡಿದ.

“ಬೇಡಿ ಯಜಮಾನ್ರೆ. ಕಾನೂನು ನಿಮ್ದೇ, ಇಲ್ಲ ಅನ್ನಲ್ಲ. ಆದ್ರೆ ಖಾಲಿ ಬಿದ್ದಿದ್ದ ಗದ್ದೆ ಗುಡಿಸಲು ನಂದು. ‘ಬಂದೆ ಬಂದೆ’ ಅಂದ ಬಾಯಿನೂ ನಂದು. ನೀವು ಮುಂದೆ ನಿಂತು ಮಾತಾಡಿದ್ರೆ ಅದು ಕೇಳಿಸಲ್ಲ. ನಾನೊಬ್ಬನೇ ಹೋಗ್ತೀನಿ. ಅವನ ಜಗಲಿ ಮೇಲೆ ಕೋಲಾ ಇಟ್ಟು ಅಂಗಳದಲ್ಲಿ ಕೂರ್ತೀನಿ. ಅವನು ತಗೊಳ್ಳದೇ ಒಳಗೆ ಹೋದ್ರೆ, ಹೋಗಲಿ. ನನ್ನ ಜೊತೆ ಯಾರೂ ಬರಬೇಡಿ.”