ಕಡೂರು ಜಿಲ್ಲೆಯ ಕೃಷ್ಣಪ್ಪ

ಮಲ್ಲಂದೂರಿನ ನಾಗೇಶಗೌಡರು ಸುಳ್ಳು ಹೇಳುತ್ತಾರೆ. ಬಡಾಯಿ, ಮಾತಿನ ಚಟ, ರಸಿಕತೆ ಎಂದೆಲ್ಲ ಇದನ್ನು ಮೆತ್ತಗೆ ಮಾಡಿ ಹೇಳುವವರಿದ್ದಾರೆ. ಅವರ ಹೆಂಡತಿ ವಿಮಲಮ್ಮ ಹಾಗೆ ಹೇಳುವುದಿಲ್ಲ. ಮೂಡಿಗೆರೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಅವರು. ಮೂರನ್ನು ನಾಲ್ಕು ಎಂದರೆ ಅದು ತಪ್ಪು ಉತ್ತರ, ಅಷ್ಟೇ.

ಮಳೆಗಾಲದಲ್ಲಿ ಕಾಫಿ ಬೆಳೆಗಾರರು ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸವೆಂದರೆ ಅಂಗಳದ ಮಳೆಮಾಪಕ ನೋಡಿ ಒಬ್ಬರಿಗೊಬ್ಬರು ಫೋನ್ ಮಾಡುವುದು. ಪಕ್ಕದ ಎಸ್ಟೇಟಿನಲ್ಲಿ ಮೂರು ಇಂಚು ಬಿದ್ದಿದ್ದರೆ ಗೌಡರಲ್ಲಿ ನಾಲ್ಕೂವರೆ. ಎರಡು ತೋಟಗಳ ನಡುವೆ ಇರುವುದು ಒಂದು ಬೇಲಿ ಮಾತ್ರ. ಕೇಳಿದರೆ, "ನಮ್ಮ ಕಡೆ ಮೋಡ ಸ್ವಲ್ಪ ತಗ್ಗಿ ಬರುತ್ತೆ ಮಾರಾಯ್ರೆ" ಎನ್ನುತ್ತಾರೆ. ಎರಡನೇ ವರ್ಷಕ್ಕೆ ಬಿಟ್ಟುಬಂದ ಬಿ.ಎಸ್ಸಿ. ಅವರ ಬಾಯಲ್ಲಿ ಎಂದೋ ಪಾಸಾಗಿದೆ. ತೋಟದ ದಾರಿಗೆ ಅಡ್ಡ ಬಂದ ಕಾಡುಹಂದಿ ಗೌಡರ ಜೀಪು ಮೂಡಿಗೆರೆ ಮುಟ್ಟುವಷ್ಟರಲ್ಲಿ ಕಾಡುಕೋಣವಾಗಿರುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು: ಯಾರ ಮನೆಯಲ್ಲಿ ಕಾಯಿಲೆಯಾದರೂ ಆ ಜೀಪು ಎಲ್ಲರಿಗಿಂತ ಮೊದಲು ಅಂಗಳದಲ್ಲಿ ನಿಂತಿರುತ್ತದೆ, ಗೌಡರು ಚಿಕ್ಕಮಗಳೂರಿನ ಆಸ್ಪತ್ರೆಯವರೆಗೂ ಬಾಯಿಮುಚ್ಚದೆ ಕತೆ ಹೇಳುತ್ತಾರೆ, ರೋಗಿ ನರಳುವುದನ್ನು ಮರೆತು ನಗುತ್ತಾನೆ. ಆದರೆ ಆ ಕತೆಗಳೂ ಸುಳ್ಳೇ.

ಸುಳ್ಳುಗಳಲ್ಲಿ ದೊಡ್ಡದು ಅವರ ದೊಡ್ಡಪ್ಪನದು. ಗೌಡರ ತಂದೆಯ ಅಣ್ಣ ಕೃಷ್ಣಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಪಡೆಗೆ ಸೇರಿ ಸಿಂಗಪುರಕ್ಕೆ ಹೋದವರು ತಿರುಗಿ ಬರಲಿಲ್ಲ. ನಾಗೇಶಗೌಡರು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲಿನ ಮಾತಿದು. ಮನೆಗೆ ಬಂದದ್ದು ಒಂದು ತಂತಿ. ಅದನ್ನು ಗೆದ್ದಲು ತಿಂದಿತು. ಮಿಕ್ಕಿದ್ದನ್ನೆಲ್ಲ ಗೌಡರೇ ಕಟ್ಟಿದರು. ವಿಮಲಮ್ಮ ಕಳಸದಿಂದ ಮದುವೆಯಾಗಿ ಬಂದ ಹೊಸತರಲ್ಲಿ ದೊಡ್ಡಪ್ಪ ಒಂದು ಸೇತುವೆಯ ಮೇಲೆ ಒಬ್ಬರೇ ನಿಂತು ಹನ್ನೆರಡು ಜಪಾನಿಯರನ್ನು ತಡೆದಿದ್ದರು. ಮಗಳು ಸೌಂದರ್ಯ ಶಾಲೆಗೆ ಹೋಗುವಷ್ಟರಲ್ಲಿ ಜಪಾನಿಯರು ನಲವತ್ತಾದರು. ಈಚೆಗೆ ಇನ್ನೂರು ಮುಟ್ಟಿದ್ದಾರೆ, ಜೊತೆಗೊಂದು ಟ್ಯಾಂಕು ಬಂದಿದೆ.

ಹೋದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಮೂಡಿಗೆರೆಯ ಸುತ್ತಿನ ಬೆಳೆಗಾರರು, ವರ್ತಕರು ಹದಿನಾರು ಜನ ಒಟ್ಟಾಗಿ ಹಡಗಿನ ಪ್ರವಾಸ ಹೊರಟರು. ಪೆನಾಂಗಿನಲ್ಲಿ ಹಡಗು ಹತ್ತುವುದು, ಮೂರನೆಯ ದಿನ ಬೆಳಿಗ್ಗೆ ಸಿಂಗಪುರದಲ್ಲಿ ಇಳಿಯುವುದು, ಸಂಜೆ ಐದಕ್ಕೆ ಮತ್ತೆ ಹಡಗಿನಲ್ಲಿರುವುದು. ಇಳಿದವರು ಅಂಗಡಿ ಬೀದಿಗೆ ಹೋಗಬಹುದು, ಹೂತೋಟಕ್ಕೆ ಹೋಗಬಹುದು, ಇಲ್ಲವೆ ಯುದ್ಧ ನಡೆದ ಜಾಗಗಳನ್ನು ನೋಡಿಬರಬಹುದು. ಹದಿನಾರು ಜನರ ಹೆಸರನ್ನೂ ಯುದ್ಧದ ಬಸ್ಸಿಗೆ ಬರೆಸಿದವರು ಪರಮೇಶ್ವರಪ್ಪ. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಗೌಡರಿಗೆ ನಲವತ್ತು ವರ್ಷದ ಸ್ನೇಹಿತರು, ನಲವತ್ತು ವರ್ಷದಿಂದ ಗೌಡರ ಒಂದು ಮಾತನ್ನೂ ನಂಬದವರು.

"ಗೌಡ್ರ ದೊಡ್ಡಪ್ಪನ್ನ ನೋಡ್ದೆ ಸಿಂಗಪುರ ನೋಡಿದ್ರೆ ಪಾಪ ಬರುತ್ತೆ" ಎಂದರು ಅವರು, ಹಡಗಿನ ಊಟದ ಮೇಜಿನಲ್ಲಿ ಎಲ್ಲರಿಗೂ ಕೇಳುವಂತೆ. "ಅಲ್ಲಿ ಸತ್ತವರ ಹೆಸರೆಲ್ಲ ಕಲ್ಲಲ್ಲಿ ಕೆತ್ತಿದಾರಂತೆ. ಪುಸ್ತಕನೂ ಇಟ್ಟಿದಾರಂತೆ. ಸೇತುವೆ ಎಷ್ಟುದ್ದ, ಟ್ಯಾಂಕು ಯಾವ ಬಣ್ಣ, ಎಲ್ಲ ಇತ್ಯರ್ಥ ಆಗ್ಲಿ."

"ಓಹೋ, ಹೋಗನ, ಅದಕ್ಕೆಂತ" ಎಂದರು ಗೌಡರು. ಆದರೆ ಮೊಸರನ್ನ ತುಂಬಿದ ಚಮಚ ಬಾಯಿಗೆ ಹೋಗದೆ ತಟ್ಟೆಗೆ ಇಳಿಯಿತು. ಅದನ್ನು ನೋಡಿದವರು ವಿಮಲಮ್ಮ ಒಬ್ಬರೇ.

ಬೆಳಿಗ್ಗೆ ಹಡಗಿನ ಮೆಟ್ಟಿಲಿಳಿಯುವಾಗ ಅವರು ಗಂಡನ ತೋಳು ಹಿಡಿದು ನಿಲ್ಲಿಸಿದರು.

"ರೀ, ಇವತ್ತೊಂದಿನ ಬಾಯಿ ಬಿಗಿ ಹಿಡೀರಿ."

"ಎಂತಕ್ಕೆ?"

"ಅಲ್ಲಿರದು ಕಲ್ಲು. ನೀವು ಹೇಳಿದ್ದಕ್ಕೆಲ್ಲ ಅದು ತಲೆ ಆಡಿಸಲ್ಲ."

ಗೌಡರು ನಕ್ಕರು. ಆ ನಗು ಎಂದಿನಷ್ಟು ಅಗಲವಾಗಿರಲಿಲ್ಲ.

ವಿಮಲಮ್ಮನಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಸುಳ್ಳು ಹೊರಗೆ ಬೀಳಲಿ ಎಂದು ಅವರು ಎಷ್ಟೋ ಸಲ ಅಂದುಕೊಂಡಿದ್ದುಂಟು. ಈಗ ಅದು ಬೀಳುವ ಹೊತ್ತು ಬಂದರೆ ಬೇಡವೆನ್ನಿಸುತ್ತಿತ್ತು. ದೊಡ್ಡಪ್ಪನ ಹೆಸರು ಕಲ್ಲಿನಲ್ಲಿ ಇಲ್ಲದೆ ಹೋದರೆ, ಇದ್ದರೂ ಬೇರೇನೋ ಬರೆದಿದ್ದರೆ, ಪರಮೇಶ್ವರಪ್ಪನ ಅಂಗಡಿಯ ಕಟ್ಟೆಯಲ್ಲಿ ಇನ್ನು ಹತ್ತು ವರ್ಷ ಅದೇ ಮಾತು. ಮೊಳೆ ಕೊಳ್ಳಲು ಬಂದವರೆಲ್ಲ ಅದನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. ಗಂಡನನ್ನು ತಾವು ಗದರಿಕೊಳ್ಳಬಹುದು. ಊರು ಅವರನ್ನು ನೋಡಿ ನಗುವುದನ್ನು ನಿಂತು ನೋಡುವುದು ಬೇರೆ.

ಬಸ್ಸಿನಲ್ಲಿ ಸಿಂಗಪುರದ್ದೇ ತಮಿಳು ಹೆಂಗಸೊಬ್ಬಳು ಮೈಕು ಹಿಡಿದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಕೊನೆಯ ದಿನಗಳಲ್ಲಿ ಕಾದಾಟ ನಡೆದ ಗುಡ್ಡದ ಸಾಲನ್ನು ತೋರಿಸಿದಳು. ಈಗ ಅಲ್ಲಿ ಜನ ಬೆಳಗಿನ ವಾಕಿಂಗ್ ಮಾಡುತ್ತಿದ್ದರು. ಬ್ರಿಟಿಷರು ಶರಣಾಗತಿಗೆ ಸಹಿ ಹಾಕಿದ ಹಳೆಯ ಕಾರ್ಖಾನೆಯನ್ನು ತೋರಿಸಿದಳು. ಆಮೇಲೆ ಬಸ್ಸು ಉತ್ತರದ ತೀರಕ್ಕೆ ಹೋಯಿತು. ಎದುರಿಗೆ ಕಿರಿದಾದ ಸಮುದ್ರ, ಆಚೆ ದಡದಲ್ಲಿ ಮಲೇಶಿಯಾದ ಕಟ್ಟಡಗಳು, ನಡುವೆ ಉದ್ದಕ್ಕೆ ಕಟ್ಟಿದ ರಸ್ತೆ. ಜಪಾನಿಯರು ಬರದಂತೆ ಬ್ರಿಟಿಷರು ಆಗ ಆ ರಸ್ತೆಯನ್ನೇ ಒಡೆದರು, ಜಪಾನಿಯರು ದೋಣಿಯಲ್ಲಿ ದಾಟಿ ಬಂದರು ಎಂದಳು.

"ಕೇಳಿದ್ರಾ ಗೌಡ್ರೆ?" ಎಂದರು ಪರಮೇಶ್ವರಪ್ಪ. "ಸೇತುವೆನೇ ಇರ್ಲಿಲ್ವಂತೆ. ನಿಮ್ಮ ದೊಡ್ಡಪ್ಪ ನೀರಿನ ಮೇಲೆ ನಿಂತಿದ್ರಾ?"

"ಅವರು ಇಳಿದ ಮೇಲೆ ಒಡೆದದ್ದು ಮಾರಾಯ್ರೆ!" ಎಂದರು ಗೌಡರು ತಕ್ಷಣ. "ನಿಂತೋರನ್ನ ಇಟ್ಕಂಡು ಒಡೀತಾರನ ಯಾರಾದ್ರೂ?"

ಬಸ್ಸೆಲ್ಲ ನಕ್ಕಿತು. ಪರಮೇಶ್ವರಪ್ಪನ ಹೆಂಡತಿ ಪ್ರೇಮಕುಮಾರಿ, "ನಿಮಗೆ ಬುದ್ಧಿ ಇಲ್ಲ, ಅವರನ್ನ ಮಾತಲ್ಲಿ ಗೆಲ್ಲಕ್ಕಾಗುತ್ತಾ?" ಎಂದು ಗಂಡನಿಗೇ ಚುಚ್ಚಿದರು. ವಿಮಲಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು.

ಕೊನೆಗೆ ಬಸ್ಸು ನಿಂತದ್ದು ಯುದ್ಧ ಸ್ಮಾರಕದಲ್ಲಿ. ಇಳಿಜಾರು ಗುಡ್ಡದ ತುಂಬ ಒಂದೇ ಅಳತೆಯ ಬಿಳಿ ಕಲ್ಲುಗಳ ಸಾಲು, ನುಣುಪಾದ ಹುಲ್ಲು, ಮೇಲೆ ಸಾಲುಸಾಲಾಗಿ ನಿಂತ ಕಲ್ಲಿನ ಗೋಡೆಗಂಬಗಳು. ಆ ಕಂಬಗಳ ಎರಡೂ ಮೈಮೇಲೆ ದೇಹ ಸಿಗದವರ ಹೆಸರುಗಳು. ಬೆಳೆಗಾರರು ಎಲ್ಲಿ ಹೋದರೂ ಮೊದಲು ನೆಲ ನೋಡುತ್ತಾರೆ. ಇಬ್ಬರು ಬಗ್ಗಿ ಹುಲ್ಲನ್ನು ಮುಟ್ಟಿ, ಒಂದು ಕಳೆಯೂ ಇಲ್ಲವಲ್ಲ ಎಂದು ಮಾತಾಡಿಕೊಂಡರು. ಪ್ರೇಮಕುಮಾರಿ ಬೇಲಿಯಂಚಿನ ಹೂಗಿಡದಿಂದ ಒಂದು ಕಡ್ಡಿ ಮುರಿದು ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ಎಲ್ಲರೂ ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದತೊಡಗಿದರು. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತು.

ಪ್ರವೇಶದ ಬಳಿ ಹೆಸರಿನ ಪುಸ್ತಕಗಳಿದ್ದವು. ಮೈಸೂರು ಪಡೆಯ ಪುಟವನ್ನು ಗೈಡ್ ಹುಡುಕಿ ಕೊಟ್ಟಳು. ಪರಮೇಶ್ವರಪ್ಪ ಕನ್ನಡಕ ಹಾಕಿಕೊಂಡರು, ಎಲ್ಲರೂ ಅವರ ಹಿಂದೆ ಗುಂಪಾದರು. ಗೌಡರು ಮಾತ್ರ ದೂರದಲ್ಲಿ ನಿಂತು ಒಂದು ಮರವನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದರು, ನೆರಳಿನ ಮರ ಕೊಳ್ಳಲು ಬಂದವರ ಹಾಗೆ.

ಕೃಷ್ಣಪ್ಪ ಎಂಬ ಹೆಸರು ಎರಡಿತ್ತು.

"ಲ್ಯಾನ್ಸ್ ನಾಯಕ್ ಕೃಷ್ಣಪ್ಪ" ಎಂದು ಪರಮೇಶ್ವರಪ್ಪ ಬೆರಳಿಟ್ಟು ಗಟ್ಟಿಯಾಗಿ ಓದಿದರು. "ಅಪ್ಪನ ಹೆಸರಿಲ್ಲ, ಊರಿಲ್ಲ. ಇನ್ನೊಬ್ಬ ಕೃಷ್ಣಪ್ಪ, ಕುಕ್. ತಂದೆ ತಿಮ್ಮೇಗೌಡ, ತಾಯಿ ಪುಟ್ಟಮ್ಮ. ಊರು ಕಡೂರು, ಮೈಸೂರು. ಇವನು ಬಯಲುಸೀಮೆಯೋನು, ತೆಂಗಿನ ಕಡೆಯೋನು. ನಮ್ಮೋನಲ್ಲ."

ವಿಮಲಮ್ಮ ಆ ಸಾಲನ್ನು ಅವರ ಭುಜದ ಮೇಲಿಂದ ಇನ್ನೊಮ್ಮೆ ಓದಿದರು. ಸ್ವಾತಂತ್ರ್ಯ ಬರುವವರೆಗೂ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಮಲ್ಲಂದೂರಿನವರೂ ಕಡೂರಿನವರೆಂದೇ ಕಾಗದದಲ್ಲಿ ಬರೆಸಿಕೊಳ್ಳುತ್ತಿದ್ದ ಕಾಲ ಅದು. ತಿಮ್ಮೇಗೌಡ, ಪುಟ್ಟಮ್ಮ ಎಂದರೆ ತಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಫೋಟೋ ಆಗಿರುವ ಅಜ್ಜ, ಅಜ್ಜಿ. ಸೇತುವೆಯ ಮೇಲೆ ನಿಂತವರು ಅಡಿಗೆಯವರು. ಲೆಕ್ಕ ಒಂದೇ ಸಲಕ್ಕೆ ಬಗೆಹರಿಯಿತು. ಬಗೆಹರಿದದ್ದು ತಮಗೊಬ್ಬರಿಗೇ ಎಂದುಕೊಂಡರು. ಮೂವತ್ತೊಂದು ವರ್ಷ ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದ ಹೆಂಗಸು ಬಾಯಿ ಮುಚ್ಚಿಕೊಂಡರು.

ಕಂಬ ಸಿಕ್ಕಿತು. ಪಡೆಯ ಹೆಸರಿನ ಕೆಳಗೆ ದರ್ಜೆಯ ಪ್ರಕಾರ ಹೆಸರು ಕೆತ್ತಿದ್ದರು: ಲ್ಯಾನ್ಸ್ ನಾಯಕ್ ಕೃಷ್ಣಪ್ಪ ಕಣ್ಣಿನ ಮಟ್ಟದಲ್ಲಿ, ಅಡಿಗೆಯವರು ಎಲ್ಲ ಸಿಪಾಯಿಗಳೂ ಮುಗಿದ ಮೇಲೆ, ಮೊಣಕಾಲಿನ ಹತ್ತಿರ. ಪರಮೇಶ್ವರಪ್ಪ ಮೇಲಿನ ಹೆಸರನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯ ಟೋಪಿ ತೆಗೆದರು.

"ಗೌಡ್ರೆ, ಇಲ್ಲಿ ಬನ್ನಿ" ಎಂದರು. "ನಲವತ್ತು ವರ್ಷ ನಿಮ್ಮನ್ನ ಆಡ್ಕಂಡೆ. ತಪ್ಪಾಯ್ತು. ಹೆಸರು ಇದೆಯಲ್ಲ ಮಾರಾಯ್ರೆ, ಕಲ್ಲಲ್ಲೇ ಇದೆ. ನಾನು ಊರಿಗೆ ಹೋಗಿ ಎಲ್ಲರಿಗೂ ಹೇಳ್ತೀನಿ."

ಬಸವಪ್ರಸಾದ್ ಎಂಬ ಕಾಫಿ ವ್ಯಾಪಾರಿ ಮೊಬೈಲು ತೆಗೆದು ಹಿಂದಕ್ಕೆ ಸರಿದ. "ಗೌಡ್ರೆ, ಹೆಸರಿನ ಪಕ್ಕ ನಿಂತ್ಕಳಿ. ವಿಮಲಕ್ಕ, ನೀವೂ. ಎಲ್ಲ ಒಟ್ಟಿಗೆ ಸೆಲ್ಯೂಟ್ ಹೊಡೆದು ಒಂದು ಫೋಟೋ ತೆಗಿಯನ."

ಗೌಡರು ಬಂದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಹದಿನೈದು ಜನ ಅವರನ್ನೇ ನೋಡುತ್ತಿದ್ದರು. ಮೂಡಿಗೆರೆಯಲ್ಲಿ ಯಾರೂ ಎಂದೂ ಅವರನ್ನು ಹಾಗೆ ನೋಡಿರಲಿಲ್ಲ. ಏನೂ ಹೇಳಬೇಕಾಗಿರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು. ನಿಂತುಬಿಡಿ ಎಂದು ವಿಮಲಮ್ಮ ಮನಸ್ಸಿನಲ್ಲೇ ಹೇಳಿದರು.

ಗೌಡರ ಕಣ್ಣು ಮೇಲಿನ ಹೆಸರಿನಿಂದ ಸಾಲು ಸಾಲಾಗಿ ಕೆಳಗೆ ಇಳಿಯಿತು. ಒಂದು ಕಡೆ ನಿಂತಿತು.

"ತಡಿ ಮಾರಾಯ" ಎಂದರು ಬಸವಪ್ರಸಾದನಿಗೆ. ಕಂಬಕ್ಕೆ ಕೈಕೊಟ್ಟು, ನೋಯುವ ಮೊಣಕಾಲನ್ನು ಮೆಲ್ಲಗೆ ಮಡಿಸಿ ನೆಲದ ಮೇಲೆ ಕುಳಿತರು. "ಪರಮೇಶಣ್ಣ, ಟೋಪಿ ಹಾಕ್ಕಳಿ, ಬಿಸಿಲಿದೆ. ಮೇಲಿನವರು ಯಾರ ಮನೆಯವರೋ. ನಮ್ಮ ದೊಡ್ಡಪ್ಪ ಇಲ್ಲಿದಾರೆ."

"ಅದು ಕಡೂರಿನೋನು ಗೌಡ್ರೆ, ಅಡಿಗೆಯೋನು!"

"ಆಗ ನಮ್ಮ ಜಿಲ್ಲೆ ಹೆಸರೇ ಕಡೂರು. ತಿಮ್ಮೇಗೌಡ್ರು ನಮ್ಮಜ್ಜ, ಪುಟ್ಟಮ್ಮ ನಮ್ಮಜ್ಜಿ. ಬೇಕಾದ್ರೆ ವಿಮಲನ್ನ ಕೇಳಿ, ಅವಳು ಸುಳ್ಳು ಹೇಳಲ್ಲ."

ಎಲ್ಲರೂ ವಿಮಲಮ್ಮನ ಕಡೆ ತಿರುಗಿದರು. "ಹೌದು" ಎಂದರು ಅವರು.

ಯಾರೂ ನಗಲಿಲ್ಲ. ನಗಬಹುದಾಗಿತ್ತು; ಸೇತುವೆ, ಟ್ಯಾಂಕು, ಇನ್ನೂರು ಜಪಾನಿಯರು ಎಲ್ಲ ಅಲ್ಲೇ ಗಾಳಿಯಲ್ಲಿದ್ದವು. ಪರಮೇಶ್ವರಪ್ಪ ಟೋಪಿ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, ಅವರೂ ಬಗ್ಗಿ ಆ ಹೆಸರನ್ನು ಓದಿದರು. ಆಮೇಲೆ ಕೇಳಿದರು:

"ಎಂತ ಅಡಿಗೆ ಮಾಡ್ತಿದ್ರಂತೆ ಗೌಡ್ರೆ?"

ಕೇಳಿದ ದನಿಯಲ್ಲಿ ತಮಾಷೆ ಇರಲಿಲ್ಲ. ವಿಮಲಮ್ಮ ಕಾದರು. ಉತ್ತರ ಅವರಿಗೆ ಗೊತ್ತಿತ್ತು: ಯಾವುದೋ ಜನರಲ್ ಸಾಹೇಬ ಯುದ್ಧ ನಿಲ್ಲಿಸಿ ಬಂದು ದೊಡ್ಡಪ್ಪನ ಕೋಳಿಸಾರಿಗೆ ಸಾಲಿನಲ್ಲಿ ನಿಂತಿರುತ್ತಾನೆ. ಕೆತ್ತಿದ ಅಕ್ಷರಗಳ ಮೇಲೆ ಗೌಡರ ಬೆರಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

"ಗೊತ್ತಿಲ್ಲ ಪರಮೇಶಣ್ಣ" ಎಂದರು. "ನಾನು ಯಾರನ್ನೂ ಕೇಳ್ಲೇ ಇಲ್ಲ."