ಅಕ್ಕನ ಪಗಾರ ಕಮಿಷನ್

ಒಲೆಯ ಮೇಲೆ ಹಾಲು ಉಕ್ಕಿದರೂ ನಮ್ಮ ಅಕ್ಕನಿಗೆ ನೆನಪಾಗುತ್ತಿದ್ದದ್ದು ಬ್ರಿಟಿಷರ ಕಾಲದ ಸಾಹೇಬರು. "ರೂಪಾಯಿ ಬೆಲೆ ಬಿತ್ತಂದ್ರ ಅವ್ರೂ ಹಿಂಗ ಉಕ್ಕತಿದ್ರು. ಭತ್ಯೆ ಹೆಚ್ಚು ಮಾಡ್ರಿ, ಇಲ್ಲಾಂದ್ರ ಉಪವಾಸ ಬೀಳ್ತೀವಿ ಅಂತ ಅರ್ಜಿ. ಮನಿ ತುಂಬ ಆಳು ಇಟ್ಕೊಂಡು."

ಕಾಲ ಕೆಟ್ಟಾಗ ಆ ಅಧಿಕಾರಿಗಳ ಪಗಾರ, ಭತ್ಯೆಗಳನ್ನು ಸರ್ಕಾರ ಹೇಗೆ ತಿದ್ದಿತು ಎಂಬುದೇ ಅವಳ ಪಿಎಚ್‌ಡಿ ವಿಷಯ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವಳ ಮಗಳನ್ನು ನೋಡಿಕೊಳ್ಳಲೆಂದು ಧಾರವಾಡದಿಂದ ಅಮೆರಿಕದ ಯೂನಿವರ್ಸಿಟಿ ಸಿಟಿಯ ಅವರ ಅಪಾರ್ಟ್‌ಮೆಂಟಿಗೆ ಬಂದಿದ್ದೆ. ಮನೆಯಲ್ಲೂ ಸಾಹೇಬರ ಕಾಯಿದೆಯೇ ನಡೆಯುತ್ತಿತ್ತು. ಭಾವ ತರಕಾರಿ ತಂದರೆ ಕುದುರೆ ಭತ್ಯೆ, ಅಂದರೆ ಒಂದು ಕಪ್ ಚಹಾ ಹೆಚ್ಚಿಗೆ. ನನಗೆ ಪರದೇಶ ಭತ್ಯೆ: ಭಾನುವಾರ ಲಾಸ್ ಏಂಜಲೀಸ್ ದಾಟಿ, ಎರಡು-ಮೂರು ತಾಸಿನ ಹಾದಿಯ ಕ್ಯಾಲಬಾಸಸ್ ದೇವಸ್ಥಾನಕ್ಕೆ ಕಾರಿನಲ್ಲಿ ಹೋಗಿಬರುವುದು. "ಊರು ಬಿಟ್ಟು ಬಂದಾಕಿ ಹಕ್ಕು ಇದು," ಎನ್ನುತ್ತಿದ್ದಳು.

೨೦೦೧ರ ಕೊನೆಗೆ ಕಂಪನಿಗಳು ನಡುಗಿ, ಎಂಜಿನಿಯರ್ ಭಾವನ ಪಗಾರವೂ ಕಡಿತವಾಯಿತು. ಅಕ್ಕ ಊಟದ ಮೇಜಿನಲ್ಲಿ ಪಗಾರ ಕಮಿಷನ್ ಕೂರಿಸಿದಳು. ಇನ್ನು ವಾರಕ್ಕೆ ದೂರದ ಓಡಾಟ ಒಂದೇ: ನನ್ನ ದೇವಸ್ಥಾನ, ಇಲ್ಲವೇ ಸಾಹೇಬರ ಕಾಗದಗಳಿದ್ದ ಲಾಸ್ ಏಂಜಲೀಸಿನ ಲೈಬ್ರರಿ. ಅದು ಭಾನುವಾರ ತೆರೆಯುತ್ತಿರಲಿಲ್ಲ, ಹಾಗಾಗಿ ಎರಡೂ ಒಂದೇ ಓಡಾಟದಲ್ಲಿ ಆಗುವಂತಿರಲಿಲ್ಲ. ಆ ಕಾಗದಗಳನ್ನು ಓದದೆ ಅವಳ ಪಿಎಚ್‌ಡಿ ಮುಗಿಯುವಂತಿರಲಿಲ್ಲ.

"ಕೈ ಎತ್ರಿ. ಅಧ್ಯಕ್ಷರಿಗೆ ಓಟಿಲ್ಲ," ಎಂದಳು.

ಭಾವ ಲೈಬ್ರರಿಗೆ ಕೈ ಎತ್ತಿದರು. ಅವರ ಹತ್ತು ವರ್ಷದ ಮಗಳು, "ಟೆಂಪಲ್. ಪುಳಿಯೋಗರೆ," ಎಂದಳು.

ಉಳಿದದ್ದು ನನ್ನ ಕೈ. ದೇವಸ್ಥಾನಕ್ಕೆ ಎತ್ತಿದೆ. ಭಕ್ತಿಯಿಂದಲ್ಲ. ಅಲ್ಲಿ ಬಾಗಲಕೋಟೆಯ ಹೆಂಗಸರ ಜೊತೆ ಹರಟಬಹುದಿತ್ತು. ಜೊತೆಗೆ, ಅಕ್ಕನನ್ನು ಇಡೀ ವಾರ ನುಂಗುತ್ತಿದ್ದ ಆ ಸಾಹೇಬರ ಮೇಲೆ ನನಗೆ ಹೊಟ್ಟೆಕಿಚ್ಚು.

ಅಕ್ಕ ಒಂದು ಕ್ಷಣ ನನ್ನ ಕೈಯನ್ನೇ ನೋಡಿ ನಕ್ಕುಬಿಟ್ಟಳು. "ತೀರ್ಪು ಅಂದ್ರ ತೀರ್ಪು. ದೇವ್ರು ಗೆದ್ದ, ಸಾಹೇಬ್ರು ಸೋತ್ರು."

ಆಮೇಲೆ ಪ್ರತಿ ಭಾನುವಾರ ಹೆದ್ದಾರಿಯಲ್ಲಿ ಲೈಬ್ರರಿಯ ಕಡೆ ಇಳಿಯುವ ಎಕ್ಸಿಟ್ ಬಂದಾಗ, "ನೋಡಲ್ಲಿ, ಇನ್ನಾ ಅರ್ಜಿ ಹಿಡ್ಕೊಂಡು ಕುಂತಾರ ನನ್ನ ಸಾಹೇಬ್ರು," ಎಂದು ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಭಾವನ ಪಗಾರ ಸುಧಾರಿಸುವಷ್ಟರಲ್ಲಿ ಅವಳ ಆರೋಗ್ಯ ಕೆಟ್ಟಿತು. ಪಿಎಚ್‌ಡಿ ಮುಗಿಯಲಿಲ್ಲ. ಅಕ್ಕನೂ ಉಳಿಯಲಿಲ್ಲ.

ಈಗ ೨೦೦೮. ಕಂಪನಿಗಳು ಮತ್ತೆ ನಡುಗುತ್ತಿವೆ. ಕಾರು ಓಡಿಸುವವಳು ಅಕ್ಕನ ಮಗಳು. ಹೋದ ಭಾನುವಾರ ಆ ಎಕ್ಸಿಟ್ ಕಂಡಾಗ ನನ್ನ ಕೈ ತಾನಾಗಿ ಮೇಲೆದ್ದಿತು.

"ವಾಟ್ ಹ್ಯಾಪನ್ಡ್, ಚಿಕ್ಕಮ್ಮ?"

"ಏನಿಲ್ಲವ್ವಾ, ಸಾಹೇಬ್ರಿಗೆ ಓಟು ಹಾಕಾಕತ್ತೇನಿ," ಎಂದೆ.

ಅಷ್ಟರಲ್ಲಿ ಎಕ್ಸಿಟ್ ದಾಟಿಹೋಗಿತ್ತು.