ಫಕ್ಕೀರವ್ವನ ಮಗ್ಗಕ್ಕ ಬೆಳಕು ಬಂದದ್ದು

ನಮ್ಮ ಬೆಟಗೇರಿ ಓಣಿಯಾಗ ಫಕ್ಕೀರವ್ವನ ಮಗ್ಗದ ಸಪ್ಪಳ ಕೇಳಿದರ ಬೆಳಗಾತು ಅಂತ ತಿಳಿಯಬೇಕು. ಆಕಿ ಹಿರೇವಡ್ಡಟ್ಟಿ ಊರಿನ ಒಕ್ಕಲತನದ ಮನಿ ಮಗಳು. ಮದುವಿಯಾಗಿ ಬಂದಾಗ ಮಗ್ಗ ಮುಟ್ಟಿ ಗೊತ್ತಿರಲಿಲ್ಲ. ಅತ್ತಿ ಪಕ್ಕದಾಗ ಕುಂಡ್ರಿಸಿಕೊಂಡು ಕಲಿಸಿದಳು. ಗಂಡ ಉಡಚಪ್ಪನ ಭುಜದ ನೋವು ಹೆಚ್ಚಾದ ಮ್ಯಾಲೆ ಮನಿಯ ಮಗ್ಗ ಪೂರಾ ಆಕಿ ಕೈಗೇ ಬಂತು. ಅದು ಕುಣಿಮಗ್ಗ. ನೆಲದಾಗ ತೋಡಿದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು ನೇಯಬೇಕು.

ನಾನು ಎದುರು ಮನಿಯಾಕಿ. ಆಕಿಗೆ ಕಂಡಿಕಿ ಸುತ್ತಿಕೊಡತೀನಿ. ಲಾಳಿಯೊಳಗ ಹಾಕೋ ಸಣ್ಣ ನಳಿಗೆಗೆ ನೂಲು ಸುತ್ತೋ ಕೆಲಸ ಅದು. ಕೈ ಅದರ ಪಾಡಿಗೆ ತಿರಗತಿರತೈತಿ, ಕಿವಿ ಮಂದಿ ಮಾತಿನ ಮ್ಯಾಲಿರತೈತಿ.

ಅವರ ಮನಿಯ ಹಳೆ ಕಟ್ಟಿಗಿ ಕಿಟಕಿ ಸೊಟ್ಟಾಗಿ, ಸಂದಿಯೊಳಗ ಬೆರಳು ಹೋಗತಿತ್ತು. ಬ್ಯಾಸಿಗಿ ಒಣಗಾಳಿ ಬೀಸಿದರ ಹಾಸಿನ ಎಳಿ, ಅಂದರ ಮಗ್ಗಕ್ಕ ಉದ್ದಕ ಬಿಗಿದ ನೂಲು, ಪಟಪಟ ಹರಿಯತಿದ್ದವು. ಗಾಳಿ ತಡಿಯಾಕ ಕಿಟಕಿ ಮುಚ್ಚಿ ಗೋಣಿಚೀಲ ತುರುಕಿದರ ಕೋಣಿ ತುಂಬ ಕತ್ತಲಿ. ಹಾಡೇ ಹಗಲ ಬಲ್ಬು ಉರೀಬೇಕು. ಅದರ ಕಾವು ಬೇರೆ. ಬಲ್ಬು ಬೆನ್ನ ಹಿಂದ ಇದ್ದದ್ದಕ್ಕ ಆಕಿ ನೆರಳು ಆಕಿ ನೇಯಿಗಿ ಮ್ಯಾಲೇ ಬೀಳತಿತ್ತು.

ನೂಲು ಕೊಟ್ಟು ಸೀರಿ ಒಯ್ಯುವ ತಿರಕಪ್ಪ ಸಾವಕಾರ ಒಂದಿನ ಸೀರಿ ಬಿಡಿಸಿ ನೋಡಿ, "ಫಕ್ಕೀರವ್ವಾ, ಮತ್ತ ಎಳಿ ತಪ್ಪ್ಯಾವಲ್ಲ. ಮುಂದಿನದೂ ಹಿಂಗಾದರ ನನಗ ನೂಲು ಕೊಡಾಕ ಆಗಂಗಿಲ್ಲವಾ," ಅಂದ. ಬೈದು ಅಂದಿದ್ದರ ಇಷ್ಟು ನೋಯತಿರಲಿಲ್ಲ. ತಲಿ ತಗ್ಗಿಸಿ ಅಂದು ಹೋದ.

"ಸಾಕು ಬಿಡು," ಅಂದ ಉಡಚಪ್ಪ. "ಮಗ್ಗ ಬಿಚ್ಚೋಣು. ಆ ಕುಣಿಯಾಗ ಉಳ್ಳಾಗಡ್ಡಿ ಇಡಾಕ ಬರತೈತಿ."

"ಉಳ್ಳಾಗಡ್ಡಿ ಜೋಡಿ ನಿಮ್ಮನ್ನೂ ಇಡತೀನ್ರಿ, ಸುಮ್ಮನ ಕುಂಡ್ರಿ!"

ಆತ ಹೊರಗ ಹೋದಮ್ಯಾಲೆ ನನ್ನ ಕಡೆ ತಿರುಗಿ, "ಇದನ್ನ ಬಿಚ್ಚಿದರ ನಾ ದಿನಾ ಎದ್ದು ಏನ್ ಮಾಡಲಿ ಅಕ್ಕಾ?" ಅಂದಳು.

ಆಗ ನನಗ ಕಿರಾಣಿ ಅಂಗಡ್ಯಾಗ ಬಡಗಿ ಕುತುಬುದ್ದೀನ ಯಾರಿಗೋ ಹೇಳಿದ್ದು ನೆನಪಾತು. ಒಬ್ಬ ಟೇಲರನ ಮನಿಯ ಹಳೆ ಕಿಟಕಿ ತಗದು, ದಪ್ಪ ಗಾಜು ಕೂಡಿಸಿ, ಸಂದಿಗೆ ರಬ್ಬರ ಪಟ್ಟಿ ಬಡಿದಿದ್ದನಂತ. ಬೆಳಕು ಒಳಗ ಬರತೈತಿ, ಗಾಳಿ ಬರಂಗಿಲ್ಲ. ಕರೆಸಿದಿವಿ.

"ಗಾಜು ಎಲ್ಲಿಂದ ಸುರುವಾಗಬೇಕ್ರಿ ಯವ್ವಾ?" ಅಂತ ಕೇಳಿದ.

ಫಕ್ಕೀರವ್ವ ಕುಣಿಯಿಂದ ಎದ್ದು ಬಂದು, ಗ್ವಾಡಿ ಪಕ್ಕ ನಿಂತು, ಎದಿಮಟ್ಟಕ್ಕ ಕೈ ಇಟ್ಟು ತೋರಿಸಿದಳು. ಆತ ಪೆನ್ಸಿಲ್ಲಿನಿಂದ ಗೆರಿ ಎಳದ. ನಾವೆಲ್ಲಾ ಅಲ್ಲೇ ನಿಂತಿದ್ದಿವಿ. ಒಬ್ಬರಿಗೂ ಹೊಳೀಲಿಲ್ಲ.

ಕಿಟಕಿ ಕೂತ ದಿನ ಕೋಣಿ ಬೆಳ್ಳಗಾತು. ಖುಷಿಯಿಂದ ಆಕಿ ಕುಣಿಗಿಳಿದು ಕುಂತಳು. ಬೆಳಕು ಆಕಿ ತಲಿ ಮ್ಯಾಲಿಂದ ಹಾದು ಎದುರಿನ ಗ್ವಾಡಿಗೆ ಬಿತ್ತು. ಮಗ್ಗದ ಮ್ಯಾಲೆ ಕಿಟಕಿ ಕೆಳಗಿನ ಗ್ವಾಡಿ ನೆರಳು.

ಉಡಚಪ್ಪ ಎದುರಿಗೆ ತೂಗಹಾಕಿದ್ದ ತನ್ನ ಅಂಗಿ ನೋಡಿ, "ನನ್ನ ಅಂಗಿ ಮಾತ್ರ ಛಲೋ ಕಾಣತೈತಿ!" ಅಂದ. ಫಕ್ಕೀರವ್ವ ಲಾಳಿ ಕೈಯಾಗ ಹಿಡಕೊಂಡು ಹಂಗೇ ಕುಂತುಬಿಟ್ಟಳು.

"ತಪ್ಪು ನಂದಪಾ," ಅಂದಳು ಕುತುಬುದ್ದೀನಗ. "ನೀ ಕೇಳಿದಿ, ನಾ ಎದ್ದು ನಿಂತು ತೋರಿಸಿದೆ. ಇಷ್ಟು ವರ್ಷ ಕುಂತು ನೇಯ್ದಾಕಿ!"

"ನಿಂತವರನ್ನ ಅಳತಿ ಮಾಡೋದು ನಮ್ಮ ರೂಢಿ ಯವ್ವಾ, ನಂದೂ ತಪ್ಪೈತಿ. ಈಗ ಏಳಬ್ಯಾಡ್ರಿ, ಕುಂತಲ್ಲೇ ತೋರಿಸ್ರಿ."

ಆಕಿ ಕುಂತಲ್ಲಿಂದ ತೋರಿಸಿದ ಜಾಗ ನೆಲಕ್ಕ ಹತ್ತಿರಿತ್ತು. "ಕೋಳಿ ಬಂದು ಹಣಿಕಿ ಹಾಕತಾವಲೇ!" ಅಂದ ಉಡಚಪ್ಪ. ಆದರ ಕಬ್ಬಿಣದ ಹಾರಿ ತಂದು ಗ್ವಾಡಿ ಒಡಿಯಾಕ ಮೊದಲು ಕೈ ಹಚ್ಚಿದಾಂವ ಆತನೇ, ಭುಜ ನೋಯುತ್ತಿದ್ದರೂ. ಮ್ಯಾಲಿನ ಕಂಡಿ ಮುಚ್ಚಿ, ಅದೇ ಗಾಜು ಕೆಳಗ ಇಳಿಸಿ, ಹೊರಗ ಸರಳು ಹಾಕಿದರು. ಎರಡನೇ ಸಲದ ಕೆಲಸಕ್ಕ ಕುತುಬುದ್ದೀನ ಮುಖ ಸಿಂಡರಿಸಲಿಲ್ಲ. ದೇವರು ಆತನ ಕೈ ಗಟ್ಟಿ ಇಡಲಿ.

ಈಗ ಹಗಲ ಬಲ್ಬು ಹಚ್ಚೋದಿಲ್ಲ. ಕಾವಿಲ್ಲ, ಧೂಳಿಲ್ಲ, ಎಳಿ ಹರಿಯೋದು ಅಪರೂಪ. ಬೆಳಕು ಸೀದಾ ಹಾಸಿನ ಮ್ಯಾಲೆ ಬಂದು ಬೀಳತೈತಿ.

ಮುಂದಿನ ಸೀರಿ ಒಯ್ಯಾಕ ತಿರಕಪ್ಪ ಬಂದ. ಬಿಡಿಸಿ, ಸೆರಗಿನಿಂದ ಹಿಡಿದು ತುದಿತನಕ ಬೆರಳಾಡಿಸಿಕೋತ ಹೋದ. ತಿರುವಿ ಹಾಕಿ ಮತ್ತ ನೋಡಿದ. ಆತ ಸೀರಿ ಮಡಚಿ, ಗಾಡಿಯಿಂದ ಹೊಸ ನೂಲಿನ ಗಂಟು ತಂದು ಆಕಿ ಮುಂದ ಇಟ್ಟು, "ಹಬ್ಬ ಬಂತು, ಜಲ್ದಿ ಬೇಕು ನೋಡವಾ," ಅಂದ.

ಆಕಿ ಕಣ್ಣು ತುಂಬಿ ನಕ್ಕಳು. "ಅಕ್ಕಾ, ಕಂಡಿಕಿ ಸುತ್ತು!" ಅಂತ ನನಗ ಕೂಗಿದಳು. ನಾನು ಆಗಲೇ ಸುತ್ತಾಕ ಹತ್ತಿದ್ದೆ.